ಓಡೋ ಅಲೆ ಹತ್ತಿದ ಕಂಡಕ್ಟರು

ಮಲ್ಪೆ, ಮಂಗಳವಾರ

ಲಾಸ್ಯಾ ಮರಿ,

ಬೆಳಿಗ್ಗೆ ಆರಕ್ಕೇ ಸಮುದ್ರಕ್ಕಿಳಿದೆ. ಊರ ಬಾವೀಲಿ ಈಜು ಕಲಿತವನಿಗೆ ಉಪ್ಪುನೀರು ಹೊಸದು. ನೆಟ್ಟಕಲ್ಲಪ್ಪ ಸರ್ಕಲ್‌ನಲ್ಲಿ ಬಸ್ಸಿಗೆ ಕಾಯೋ ಹಾಗೆ, ಸೊಂಟದ ನೀರಲ್ಲಿ ಅಲೆ ಕಡೆ ಮುಖ ಮಾಡಿ ನಿಂತೆ. ಅದೇನೂ ನಿಲ್ಲಲಿಲ್ಲ, ತಲೆ ಮೇಲೇ ಹೋಯ್ತು. ಮೂಗು, ಕಿವಿ, ಚಡ್ಡಿ ಜೇಬು, ಎಲ್ಲಾ ಮರಳು.

ಪಕ್ಕದಲ್ಲಿ ಈಜ್ತಿದ್ದ ಇಲ್ಲಿನ ಟೀಚರಮ್ಮ ನಕ್ಕು, "ಎದುರು ನಿಲ್ಬೇಡಿ ಮಾರಾಯ್ರೆ. ಬೆನ್ನು ಮಾಡಿ, ಅದು ಹತ್ತಿರ ಬರುವಾಗ ಅದರ ಒಟ್ಟಿಗೇ ಹೊರಡಿ" ಅಂದ್ರು. ಅಂದ್ರೆ ಓಡೋ ಬಸ್ ಹತ್ತೋದೇ ಕಣಮ್ಮ. ಹಾಗೆ ಹತ್ತೋರನ್ನ ಮೂವತ್ತೊಂದು ವರ್ಷ ಬೈದು ರಿಟೈರಾದ ಕಂಡಕ್ಟರ್ ನಾನು. ಮುಂದಿನ ಅಲೆ ಜೊತೆ ನಾಲ್ಕು ಕೈ ಹೊಡೆದು ಹಾರಿದೆ ನೋಡು, ಹೊಟ್ಟೆ ಮೇಲೆ ಮಲಗಿಸ್ಕೊಂಡು ಬಂದು ಸೀದಾ ದಡಕ್ಕೆ ಇಳಿಸ್ತು. ಒಂಬತ್ತು ಟ್ರಿಪ್ ಹೊಡೆದೆ. ಒಬ್ಬನೇ ಜೋರಾಗಿ ನಗ್ತಿದ್ದೆ.

ಬಿಪಿ ಮಾತ್ರೆ ತಗೊಳ್ತಿದೀನಿ. ಮೊಣಕೈ ಸ್ವಲ್ಪ ತರಚಿದೆ. ನನ್ನ ಹಳೇ ಡ್ರೈವರ್ ಮುತ್ತುರಾಜ್ ಮನೇಲಿ ಊಟಕ್ಕೇನೂ ತೊಂದ್ರೆ ಇಲ್ಲ. ಮೊಣಕಾಲಿಗಿಂತ ಆಳಕ್ಕೆ ಇಳಿಯಲ್ಲ ಅಂತ ನಿಮ್ಮಜ್ಜಿಗೆ ಮಾತು ಕೊಟ್ಟಿದೀನಿ, ಇದನ್ನೆಲ್ಲ ಅವಳಿಗೆ ಹೇಳ್ಬೇಡ.

ಇಷ್ಟು ಬರೆದ ಮೇಲೆ ಹೊಳೀತು, ಇದು ಕಾರ್ಡು, ಕವರಿಲ್ಲ. ಗೇಟಲ್ಲಿ ಪೋಸ್ಟ್ ತಗೊಳ್ಳೋದೂ ಅವಳೇ.

ಇವಳೇ, ಓದ್ತಿದೀಯಲ್ಲ? ಅಲ್ಲೇ ಕೂತು ಬೈಬೇಡ, ಮರೀನ ಕರ್ಕೊಂಡು ಬಂದ್ಬಿಡು. ಬಸ್ಸು ಪೂರ್ತಿ ನಿಂತ ಮೇಲೇ ಹತ್ತು. ಓಡೋದನ್ನ ಹತ್ತೋದು ನಾನಿಲ್ಲಿ ಕಲಿಸ್ತೀನಿ.

ಪುಟ್ಟಯ್ಯ