ಸಕ್ಕರೆ ಬೊಂಬೆಯವರ ಬಾಗಿಲಿಗೆ

ತಂತಾ ಊರಿನಿಂದ
ರಬೀಉಲ್ ಅವ್ವಲ್ ತಿಂಗಳು, ಎಂಟನೇ ದಿನ

ಸಾಬ್ರೀನ್‌ಳ ಅಪ್ಪನಿಗೆ, ಬಾಬುಲ್ ಬಹರ್ ಬೀದಿಯ ಸಕ್ಕರೆ ಬೊಂಬೆ ಯಜಮಾನರಿಗೆ, ನಿಮ್ಮ ಹೆಂಡತಿ ಇನ್ಶಿರಾಹ್ ಮಾಡುವ ಸಲಾಮು. ನೀವು ಚೆನ್ನಾಗಿದ್ದೀರಿ ಎಂದು ನಂಬಿ ಬರೆಯುತ್ತಿಲ್ಲ. ಇಲ್ಲವೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಕನ್ನಡಕ ಹಾಕಿಕೊಂಡು ನೀವೇ ಓದಿ. ಕಾಫಿ ಅಂಗಡಿಗೆ ಒಯ್ದು ಯಾರ ಕೈಲೂ ಓದಿಸಬೇಡಿ. ಹೋದ ವರ್ಷ ನಮ್ಮ ಮನೆಯ ಜಗಳ ಆ ಬೀದಿಗೆಲ್ಲ ಪುಕ್ಕಟೆ ತಮಾಷೆಯಾಯಿತು, ಅಷ್ಟು ಸಾಕು. ಕಾಗದ ತರುತ್ತಿರುವವಳು ನಬವಿಯ್ಯಾ, ನಿಮ್ಮ ಅಂಗಡಿಯ ಎದುರು ಮಹಡಿಯಲ್ಲಿ ಕೂತು ಬೊಂಬೆಗಳಿಗೆ ಕಾಗದದ ಬೀಸಣಿಗೆ ಮಡಿಸುವವಳು. ಇಲ್ಲಿಯ ದರ್ಗಾಕ್ಕೆ ಹರಕೆ ತೀರಿಸಲು ಬಂದಿದ್ದಳು. ಅವಳ ಮೇಲೆ ರೇಗಬೇಡಿ.

ವಿಷಯ ಇಷ್ಟು. ಹನ್ನೊಂದನೇ ದಿನ, ಮೌಲಿದ್‌ನ ಹಿಂದಿನ ದಿನ, ಇಳಿಹೊತ್ತಿನ ಅಸರ್ ನಮಾಜು ಮುಗಿದ ಮೇಲೆ ನಮ್ಮ ಮಗಳಿಗೆ ಉಂಗುರ ತೊಡಿಸಿದ ಗಲಾಲ್, ಮದುವೆ ಗೊತ್ತಾದ ಹುಡುಗಿಗೆ ವಾಡಿಕೆಯಂತೆ ಕೊಡುವ ಹಬ್ಬದ ಬೊಂಬೆ ಮತ್ತು ಮಿಠಾಯಿ ಪೆಟ್ಟಿಗೆ ತೆಗೆದುಕೊಂಡು ಬರುತ್ತಾನೆ. ನಾವಿರುವ ನನ್ನ ಅಣ್ಣನ ಮನೆಗಲ್ಲ, ನಿಮ್ಮ ಬಾಗಿಲಿಗೆ. ಅವನ ತಾಯಿ ಹಾಜಿಯಾ ದೌಲತ್ ಖಡಾಖಂಡಿತ ಹೇಳಿಬಿಟ್ಟಿದ್ದಾಳೆ: “ಅಪ್ಪ ಗುಂಡುಕಲ್ಲಿನ ಹಾಗೆ ಬದುಕಿರೋ ಹುಡುಗಿಗೆ ಸೋದರಮಾವನ ಮನೇಲಿ ಬೊಂಬೆ ಕೊಡೋಕೆ ನಮಗೇನು ಬಂದಿದೆ? ಅವನ ಕೈಗೇ ಕೊಡ್ತೀವಿ. ತಗೊಂಡ್ರೆ ಮದುವೆ. ಈ ಸಲಾನೂ ಬೀದಿಗೆಸೆದ್ರೆ ನಿಮ್ಮ ಉಂಗುರ ನಿಮಗೆ, ನಮ್ಮುಂಗುರ ನಮಗೆ.” ಗಲಾಲ್ ರೈಲ್ವೆಯಲ್ಲಿ ಫಿಟ್ಟರ್ ಆದರೂ ತಾಯಿಯ ಎದುರು ಅವನದು ಯಾವ ಎಂಜಿನ್ನೂ ಓಡುವುದಿಲ್ಲ.

ಬರುವ ಬೊಂಬೆ ಪ್ಲಾಸ್ಟಿಕ್ಕಿನದೇ. ಮುಚ್ಚಿಡುವುದಿಲ್ಲ. ಹಾಜಿಯಾ ಹಟ ಹಿಡಿದು ಹೋದ ವರ್ಷದ್ದಕ್ಕಿಂತ ದೊಡ್ಡದನ್ನೇ ತಂದಿಟ್ಟಿದ್ದಾಳಂತೆ, ಗುಲಾಬಿ ಜಾಲರಿಯ ಲಂಗದೊಳಗೆ ದೀಪ ಬೇರೆ ಹತ್ತುತ್ತದಂತೆ. ಓದಿ ನಿಮ್ಮ ಮೀಸೆ ಕುಣಿಯುತ್ತಿರುವುದು ನನಗೆ ಕಾಣುತ್ತಿದೆ. ಒಂದು ಲೋಟ ನೀರು ಕುಡಿದು ಮುಂದೆ ಓದಿ.

ಅವರು ನಿಮ್ಮನ್ನು ಅವಮಾನಿಸಲು ತಂದವರಲ್ಲ, ಇದನ್ನು ಹೋದ ವರ್ಷವೇ ಹೇಳಲು ಬಂದೆ, ನೀವು ಕೇಳಲಿಲ್ಲ. ಪಾಪ, ಅವರ ಲೆಕ್ಕ ನೇರವಾಗಿತ್ತು. ಸಕ್ಕರೆ ಬೊಂಬೆ ಮಾಡುವವನ ಮನೆಗೆ ಯಾರಾದರೂ ಸಕ್ಕರೆ ಬೊಂಬೆ ಒಯ್ಯುತ್ತಾರೆಯೇ? ಅವರಲ್ಲಿ ಇಲ್ಲದ್ದನ್ನು ಕೊಡೋಣ ಎಂದು ಅಂಗಡಿ ಅಂಗಡಿ ಸುತ್ತಿ ದುಬಾರಿಯದ್ದನ್ನೇ ತಂದರು. ನಿಮಗೆ ಮಾತ್ರ ಅದು ಕೆನ್ನೆಗೆ ಹೊಡೆದ ಹಾಗಾಯಿತು. ಹಬ್ಬದ ಸಂತೆ ತುಂಬಿದ ಬೀದಿಯಲ್ಲಿ, ಕೆಂಪು ಬಾವುಟಗಳ ಕೆಳಗೆ ನಿಂತು, “ಈ ಪ್ಲಾಸ್ಟಿಕ್ ಸೀಸೇನ ನನ್ನ ಮಗಳಿಗೆ ಕೊಡ್ತೀರೇನ್ರೀ?” ಎಂದು ಕೂಗಿ ಎಸೆದಿರಿ. ಹಾಜಿಯಾ ಸುಮ್ಮನಿರುವವಳೇ? “ನಿಮ್ಮ ಬೊಂಬೆ ಇರುವೆಗೆ, ನಮ್ಮ ಬೊಂಬೆ ಮನೆಗೆ” ಎಂದು ಎಲ್ಲರಿಗೂ ಕೇಳುವಂತೆ ಅಂದಳು. ಗಲಾಲ್ ಬಗ್ಗಿ ಎತ್ತಿಕೊಂಡ. ಒಂದು ಗೀರೂ ಬಿದ್ದಿರಲಿಲ್ಲ. ಅದೇ ನಿಮಗೆ ಇನ್ನಷ್ಟು ಉರಿಯಿತು, ನನಗೆ ಗೊತ್ತು.

ಆಮೇಲೆ ನನಗೆ ನೀವು ಅಂದದ್ದು: “ಅವರ ಪರ ಮಾತಾಡೋದಾದ್ರೆ ಅವರ ಹಿಂದೇನೇ ಹೋಗು. ಕರೆಯೋಕೆ ನಾನು ಬರಲ್ಲ.” ಮಗಳನ್ನು ಕಟ್ಟಿಕೊಂಡು ಹೊರಟೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು ಎನ್ನುತ್ತಾರೆ. ನೀವು ಕರೆಯಲಿಲ್ಲ, ನಾನೂ ಬರಲಿಲ್ಲ. ನಮ್ಮಿಬ್ಬರಿಗೂ ಕೋಪ ಮೂಗಿನ ತುದಿಯಲ್ಲೇ.

ಇಲ್ಲಿ ಊಟಕ್ಕೆ ಕೊರತೆಯಿಲ್ಲ. ಆದರೆ ರಬೀಉಲ್ ಅವ್ವಲ್ ಚಂದ್ರ ಕಂಡಾಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಬೆಳಿಗ್ಗೆ ಎದ್ದರೆ ಪಾಕದ ವಾಸನೆ ಹುಡುಕುತ್ತದೆ ಮೂಗು, ಇಲ್ಲಿ ಬರುವುದು ಅತ್ತಿಗೆಯ ಬೇಯಿಸಿದ ಕೋಸಿನ ವಾಸನೆ. ಮನೆಯಲ್ಲೇ ಎಳ್ಳಿನ ಚಿಕ್ಕಿ ಮಾಡುತ್ತೇನೆಂದು ಹೊರಟಳು, ಪಾಕ ಇಳಿಸುವ ಹದ ತಪ್ಪಿಸಿ ಹಲ್ಲು ಮುರಿಯುವಂಥದ್ದನ್ನು ಮಾಡಿಟ್ಟಳು. ನಾನು ಬಾಯಿ ತಡೆಯದೆ ಹೇಳಿದೆ. “ಯಜಮಾನನ್ನ ಬಿಟ್ಟು ಬಂದೋರು ಯಜಮಾನಿಕೆ ಬಿಟ್ಟು ಬರಲಿಲ್ಲ ನೋಡು” ಅಂದಳು. ನಗು ಬಂತು, ಆಮೇಲೆ ಅಳುವೂ ಬಂತು. ಕೈ ಸುಮ್ಮನಿರುವುದಿಲ್ಲ. ಮೊನ್ನೆ ಅವಳ ಗೋಡೆಯ ಹಳೆಯ ಕ್ಯಾಲೆಂಡರನ್ನು ಹರಿದು ಬೊಂಬೆಯ ಬೆನ್ನಿಗೆ ಕಟ್ಟುವ ಬೀಸಣಿಗೆ ಮಡಿಸಿಬಿಟ್ಟಿದ್ದೆ. ಕಟ್ಟಲು ಬೊಂಬೆಯೇ ಇಲ್ಲ.

ಸಾಬ್ರೀನ್ ನನಗಿಂತ ಕಡೆ. ಉಂಗುರ ತೆಗೆಯುತ್ತಾಳೆ, ಹಾಕುತ್ತಾಳೆ. ಗಲಾಲ್ ತಿಂಗಳಿಗೊಮ್ಮೆ ರೈಲು ಹತ್ತಿ ಬಂದು ಅಣ್ಣನ ಎದುರು ಬೆವರುತ್ತ ಕೂತು ಹೋಗುತ್ತಾನೆ. ಒಳ್ಳೆಯ ಹುಡುಗ. ಅವನಲ್ಲದೆ ಬೇರೆಯವನನ್ನು ಅವಳು ಒಪ್ಪುವುದಿಲ್ಲ, ನಿಮ್ಮನ್ನು ಬಿಟ್ಟು ಅವನನ್ನೂ ಮದುವೆಯಾಗುವುದಿಲ್ಲವಂತೆ. “ಅಬ್ಬಾ ಕೈಲಿ ಇಸ್ಕೊಳ್ಳದ ಬೊಂಬೆ ನನಗೆ ಬೇಡಮ್ಮ, ಮುದುಕಿಯಾಗೋವರೆಗೂ ಹೀಗೇ ಇರ್ತೀನಿ” ಎಂದು ನಿನ್ನೆ ಅತ್ತಳು. ಹಟದಲ್ಲಿ ಯಾರ ಮಗಳು ಎಂದು ಕೇಳಬೇಕಿಲ್ಲ.

ನಿಮ್ಮ ಸುದ್ದಿಯೂ ಬರುತ್ತದೆ. ಈ ವರ್ಷ ನಿಮ್ಮ ಬೊಂಬೆಗಳಿಗೆಲ್ಲ ಮೆಳ್ಳೆಗಣ್ಣಂತೆ, ಹುಬ್ಬು ಒಂದು ಮೇಲೆ ಒಂದು ಕೆಳಗಂತೆ. ಕಣ್ಣು ಬರೆಯುತ್ತಿದ್ದ ನಾನೇ ಊರಲ್ಲಿಲ್ಲದಿದ್ದರೆ ಇನ್ನೇನಾಗುತ್ತದೆ? ನೀವು ಗಂಡುಹುಡುಗರಿಗೆ ಕೊಡುವ ಸಕ್ಕರೆಯ ಕುದುರೆ ಸವಾರರನ್ನೇ ಹೆಚ್ಚು ಎರೆಯುತ್ತಿದ್ದೀರಿ, ಬೊಂಬೆಗಳನ್ನು ಕಡಿಮೆ ಮಾಡಿದ್ದೀರಿ ಎಂದು ನಬವಿಯ್ಯಾ ಹೇಳಿದಳು. ಸ್ವೆಟರಿನ ಮೊಣಕೈ ಹರಿದಿದೆ, ಅದನ್ನೇ ಹಾಕಿಕೊಂಡು ಒಲೆಯ ಮುಂದೆ ನಿಲ್ಲುತ್ತೀರಿ ಎಂದೂ. ಅಚ್ಚಿನ ಎರಡು ಹೋಳು ಬಿಡಿಸುವಾಗ ಮೊದಲಿನ ಹಾಗೆ ಬಿಸ್ಮಿಲ್ಲಾ ಎಂದು ಗಟ್ಟಿಯಾಗಿ ಹೇಳುವುದಿಲ್ಲವಂತೆ, ಸುಮ್ಮನೆ ತುಟಿ ಆಡಿಸುತ್ತೀರಂತೆ.

ನಾನು ನಿಮ್ಮೊಂದಿಗೆ ಇಪ್ಪತ್ತಕ್ಕೂ ಹೆಚ್ಚು ಹಬ್ಬ ದುಡಿದವಳು, ನನ್ನೆದುರು ನಾಟಕ ನಡೆಯುವುದಿಲ್ಲ. ನಿಮಗೆ ಬಂದದ್ದು ಸಿಟ್ಟಲ್ಲ, ಭಯ. ಬೀದಿಯಲ್ಲಿ ಒಂದೊಂದೇ ಅಂಗಡಿ ಪ್ಲಾಸ್ಟಿಕ್ಕಿಗೆ ತಿರುಗುತ್ತಿದೆ, ಹೆಣ್ಣುಮಕ್ಕಳು ಲಂಗದೊಳಗಿನ ದೀಪ ನೋಡಿ ನಿಮ್ಮ ಅಂಗಡಿ ದಾಟಿ ಓಡುತ್ತಾರೆ. ಕೊನೆಗೆ ಸ್ವಂತ ಮಗಳ ಮನೆಗೂ ಅದೇ ಹೊಕ್ಕಿತಲ್ಲ ಎಂದು ಎದೆ ಒಡೆಯಿತು. ನನಗೂ ಒಡೆಯಿತು, ಬಯ್ಯೂಮಿ. ಆ ಗುಲಾಬಿ ಜಾಲರಿ ಕಂಡರೆ ನನಗೂ ಮೈ ಉರಿಯುತ್ತದೆ. ಆದರೆ ಆ ಹುಡುಗ ನಿಮ್ಮ ಕಸುಬನ್ನು ಕೇಳಲು ಬಂದಿಲ್ಲ, ನಿಮ್ಮ ಮಗಳನ್ನು ಕೇಳಲು ಬಂದಿದ್ದಾನೆ. ಬೊಂಬೆ ಯಾವುದಾದರೇನು, ತಂದ ಕೈ ಒಳ್ಳೆಯದು.

ಬೇಡುವುದು ಒಂದೇ. ಬಾಗಿಲಲ್ಲಿ ನಿಂತು, ಎರಡೂ ಕೈಯಲ್ಲಿ ತೆಗೆದುಕೊಂಡು, ಸಲಾಮು ಹೇಳಿ. ನಗಬೇಕಿಲ್ಲ. ಹಾಜಿಯಾ ಚುಚ್ಚಿದರೆ ಒಂದು ಚುಚ್ಚು ನುಂಗಿ, ಎರಡನೆಯದಕ್ಕೆ ನೀವೂ ಕೊಡಿ, ನನಗೂ ಖುಷಿ. ಮೂರು ದಿನ ಇದೆ, ಯೋಚಿಸಿ. ನಾನಂತೂ ಬರುವುದಿಲ್ಲ, ಕರೆಯದ ಮನೆಗೆ ಹೋಗುವ ಹೆಣ್ಣಲ್ಲ ನಾನು. ಸಾಬ್ರೀನ್‌ಳನ್ನು ಅಣ್ಣನ ಜೊತೆ ಕಳಿಸುತ್ತೇನೆ.

ತಲಾಖ್ ಕೊಡಲು ನಿಮಗೆ ಮನಸ್ಸಿಲ್ಲದ, ಕೇಳಲು ತನಗೂ ಮನಸ್ಸಿಲ್ಲದ,
ನಿಮ್ಮ ಮನೆಯವಳು
ಇನ್ಶಿರಾಹ್

ಇನ್ನೊಂದು ಮಾತು: ಈ ಹಾಳೆಯನ್ನೇ ಮೊದಲು ನಿಮ್ಮ ಕೈಗಿಡು ಎಂದು ನಬವಿಯ್ಯಾಗೆ ಹೇಳಿದ್ದೇನೆ, ಮೇಲಿನದೆಲ್ಲ ಆಮೇಲೆ ಓದಿಕೊಳ್ಳಿ. ತಂತಾ ಎಂದದ್ದು ಸುಳ್ಳು. ಎಂಟನೇ ದಿನ ಎಂದದ್ದೂ ಸುಳ್ಳು. ಇವತ್ತು ಹನ್ನೊಂದು. ನಬವಿಯ್ಯಾ ಯಾವ ದರ್ಗಾಕ್ಕೂ ಬಂದಿರಲಿಲ್ಲ. ಕಾಗದ ಚೀಲದಲ್ಲೇ ಮರೆತೆ, ಅದಕ್ಕೇ ತಡವಾಯಿತು ಎನ್ನಲು ಅವಳಿಗೆ ಹೇಳಿಕೊಟ್ಟಿದ್ದೆ, ಆದರೆ ಹಬ್ಬದ ಹೊತ್ತಿನಲ್ಲಿ ಅವಳ ಬಾಯಲ್ಲಿ ಸುಳ್ಳು ಹೇಳಿಸಲು ಮನಸ್ಸಾಗಲಿಲ್ಲ. ಮೂರು ದಿನ ಕೊಟ್ಟರೆ ಮೂರು ದಿನವೂ ಯೋಚಿಸಿ ಒಲ್ಲೆ ಎನ್ನುವವರು ನೀವು, ಅದಕ್ಕೆ ಹೀಗೆ ಮಾಡಿದೆ. ಮೊನ್ನೆಯಿಂದ ನಾನು ನಿಮ್ಮ ಎದುರು ಮಹಡಿಯಲ್ಲಿ, ಅವಳ ಕಿಟಕಿಯ ಹಿಂದೆಯೇ ಇದ್ದೇನೆ. ಅವಳು ಹೇಳಿದಳು ಎಂದು ಬರೆದದ್ದೆಲ್ಲ ನಾನೇ ಕಂಡದ್ದು. ಈಗಲೂ ನಿಮ್ಮ ಬೆನ್ನು ಕಾಣುತ್ತಿದೆ, ಸಣ್ಣಗಾಗಿದ್ದೀರಿ. ಸಾಬ್ರೀನ್ ನನ್ನ ತೋಳು ಹಿಂಡುತ್ತಿದ್ದಾಳೆ. ಅಸರ್ ನಮಾಜು ಮುಗಿಯಿತು, ಗಲಾಲ್ ಬೀದಿಯ ಬಾಯಿಗೆ ಬಂದಾಯಿತು, ಹಿಂದೆ ಹಾಜಿಯಾ. ನೀವು ಆ ಬೊಂಬೆಯನ್ನು ತೆಗೆದುಕೊಂಡರೆ ಕರೆಯುವುದೇ ಬೇಡ, ನಾನಾಗಿಯೇ ಇಳಿದು ಬರುತ್ತೇನೆ. ತೆಗೆದುಕೊಳ್ಳದಿದ್ದರೆ ಹಿಂದಿನ ಮೆಟ್ಟಿಲಿನಿಂದ ಹೋಗಿಬಿಡುತ್ತೇವೆ, ನಾವು ಬಂದದ್ದು ಯಾರಿಗೂ ಗೊತ್ತಾಗುವುದಿಲ್ಲ. ನಿಮ್ಮ ಕೈಯೆಲ್ಲ ಪಾಕ, ಬೇಗ ತೊಳೆದುಕೊಳ್ಳಿ.