ನಿಂತು ಮಾಡಿದ ಪೂಜೆ

ನಿಲಂಗಾ
16 ಫೆಬ್ರುವರಿ 2025

ಚಿ. ಸೌ. ಮಂಗಲಾಳಿಗೆ ನಿನ್ನ ಅವ್ವನ ಆಶೀರ್ವಾದ.

ಇಲ್ಲಿ ನಾವೆಲ್ಲ ಕ್ಷೇಮ. ಉದಗೀರದಲ್ಲಿ ನೀವೂ ಹಾಗೇ ಇದ್ದೀರೆಂದು ತಿಳಿದಿದ್ದೇನೆ. ಆಪರೇಷನ್ ಆಗಿ ಎರಡು ತಿಂಗಳ ಮೇಲೆ ಬರೆಯುತ್ತಿದ್ದೇನೆ, ಸಿಟ್ಟಾಗಬೇಡ. ಫೋನು ಇದೆಯಲ್ಲ ಅನ್ನುತ್ತೀ. ಫೋನಿನಲ್ಲಿ ನೀನು ನನ್ನ ಮಾತು ಮುಗಿಯಗೊಡುವುದಿಲ್ಲ. ಕಾಗದ ನಡುವೆ ಬಾಯಿ ಹಾಕುವುದಿಲ್ಲ.

ಮೊದಲು ಹೆಮ್ಮೆಯ ಸುದ್ದಿ. ಸೋಮವಾರ ನಾನು ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಲಿಂಗಪೂಜೆ ಮಾಡಿದೆ. ಕೂತರೆ ಬೆನ್ನು ನೋಯುತ್ತದೆಂದು ಎರಡು ವರ್ಷ ನಿಂತೇ ಮಾಡಿದ್ದೆನಲ್ಲ, ಅಂಗೈಯಲ್ಲಿ ಲಿಂಗ ಹಿಡಿದು ಕೂತ ಕೂಡಲೇ ಕಣ್ಣು ತುಂಬಿತು. ಪೂಜೆ ಮುಗಿಯುವವರೆಗೂ ಅಲುಗಾಡಲಿಲ್ಲ. ನಿಮ್ಮ ಅಪ್ಪ ಬಾಗಿಲಲ್ಲಿ ನಿಂತು ಕಣ್ಣು ಒರೆಸಿಕೊಳ್ಳುತ್ತಿದ್ದರು. ಕೇಳಿದರೆ ವಿಭೂತಿಯ ಧೂಳು ಬಿತ್ತು ಎಂದರು. ಅವರು ನಿಂತದ್ದೆಲ್ಲಿ, ವಿಭೂತಿ ಇದ್ದದ್ದೆಲ್ಲಿ!

ಇದೆಲ್ಲ ಸ್ನೇಹಲಳ ಕೆಲಸ. ಸೊಸೆ ಎಂದು ಸುಮ್ಮನೆ ಹೊಗಳುವವಳಲ್ಲ ನಾನು, ನನ್ನ ಬಾಯಿ ನಿನಗೆ ಗೊತ್ತು. ಮೊದಲು ನೋಡಿದ ಡಾಕ್ಟರು ಸ್ಕ್ಯಾನಿನಲ್ಲಿ ನೀರುಗಂಟು ಕಂಡರೂ, ಇಂಥದ್ದು ಎಷ್ಟೋ ಜನರಿಗೆ ಇರುತ್ತದೆ, ಇದರಿಂದ ನೋವಾಗುವುದಿಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಕಳಿಸಿದ್ದರು. ಅಂದಿನಿಂದ ಮನೆಗೆ ಬಂದವರೆಲ್ಲ ನನ್ನ ಮನಸ್ಸಿಗೇ ಔಷಧ ಹೇಳತೊಡಗಿದರು. ಸ್ನೇಹಲ ಮಾತ್ರ ಆ ಫಿಲ್ಮು ಕಂಕುಳಲ್ಲಿಟ್ಟುಕೊಂಡು ನನ್ನನ್ನು ಸೊಲ್ಲಾಪುರಕ್ಕೆ ಕರೆದೊಯ್ದಳು. ಉಮರ್ಗಾದಲ್ಲಿ ಬಸ್ಸು ಖಾಲಿಯಾದರೂ ನಾನು ಕಂಬಿ ಹಿಡಿದು ನಿಂತೇ ಇದ್ದೆ. ಆಕೆಯೂ ಕೂತುಕೊಳ್ಳಲಿಲ್ಲ.

ಅಲ್ಲಿನ ಸರ್ಜನ್ನರಿಗೆ ಹೇಳಿದಳು: "ನಮ್ಮ ಅತ್ತಿ ಲಿಂಗಪೂಜಿನೂ ನಿಂತ ಮಾಡ್ತಾರ್ರೀ. ಕೂಡಲಿಕ್ಕ ಆಗ್ತಿದ್ರ ಅದನ್ನ ಮಾತ್ರ ನಿಂತ ಮಾಡ್ತಿದ್ದಿಲ್ಲ."

ಅವರು ಫಿಲ್ಮು ಬದಿಗಿಟ್ಟು, ನನ್ನ ಕಾಲು ಎತ್ತಿಸಿ, ಅಲ್ಲಲ್ಲಿ ಚುಚ್ಚಿ, ಎಲ್ಲ ಕೇಳಿದರು. ಬೆನ್ನೆಲುಬಿನ ಬುಡದಲ್ಲಿ ಗಂಟು ನರವನ್ನು ಒತ್ತುತ್ತಿದೆ, ಕೂತರೆ ಒತ್ತು ಹೆಚ್ಚುತ್ತದೆ ಎಂದರು.

"ಹಂಗಾರ ನನ್ನ ಬ್ಯಾನಿ ಖರೇ ಅದೇನ್ರೀ?" ಎಂದೆ.

"ಖರೇ ಅದ ಅವ್ವಾ. ನಿಮ್ಮ ಮನಸಿನಾಗಿಲ್ಲ, ಬೆನ್ನಾಗ ಅದ."

ಆಮೇಲೆ ಆಪರೇಷನ್ನಿಗೆ ನಾನು ಹೆದರಲಿಲ್ಲ. ಎಲುಬು ಸ್ವಲ್ಪ ಕೊರೆದು, ಗಂಟಿನ ನೀರು ತೆಗೆದು, ಮತ್ತೆ ತುಂಬದಂತೆ ಅದರ ಚೀಲ ಹೊಲಿದು ಮುಚ್ಚಿದರಂತೆ. ಎಡಗಾಲಿನ ಬೆರಳು ಇನ್ನೂ ಜೋಮು ಹಿಡಿದಿದೆ. ನರ ನಿಧಾನಕ್ಕೆ ಸುಧಾರಿಸುತ್ತದೆ ಎಂದಿದ್ದಾರೆ. ಓಣಿಯವರು ನೋಡಲು ಬಂದರೆ ಈಗ ನಾನೇ ಮೊದಲು ಕೂತು, ಬರ್ರಿ ಕೂಡ್ರಿ ಅನ್ನುತ್ತೇನೆ.

ಅಳಿಯಂದಿರಿಗೂ ನಿಮ್ಮ ಅತ್ತೆಯವರಿಗೂ ನನ್ನ ಶರಣಾರ್ಥಿ ತಿಳಿಸು. ನಿನ್ನ ಮನೆ ತುಂಬಿರಲಿ, ನಿನ್ನ ಬೆನ್ನು ಗಟ್ಟಿಯಾಗಿರಲಿ.

ನಿನ್ನ ಅವ್ವ,
ಕುಸುಮಬಾಯಿ

ತಾ.ಕ.: ನಿನ್ನ ಹೊಸ ಮನೆಯ ವಾಸ್ತುಶಾಂತಿಯ ದಿನ ಎಲ್ಲರೂ ಪಂಕ್ತಿಯಲ್ಲಿ ಕೂತಾಗ ನಾನು ತಟ್ಟೆ ಹಿಡಿದು ಗೋಡೆಯ ಪಕ್ಕ ನಿಂತು ಉಂಡೆ. ಅಡುಗೆಮನೆಯಲ್ಲಿ ನೀನು ನಿಮ್ಮ ಅತ್ತೆಗೆ ಹೇಳುತ್ತಿದ್ದೆ: "ಅವ್ವಗ ಏನೂ ಆಗಿಲ್ರೀ. ಎಲ್ಲಾರೂ ತನ್ನ ಕಡಿ ನೋಡ್ಲಿ ಅಂತ ನಿಂತಾಳ." ತಟ್ಟೆ ಇಡಲು ಬಂದಿದ್ದ ನಾನು ಬಾಗಿಲ ಆಚೆಗೇ ಇದ್ದೆ. ಆ ಮಾತು ಇನ್ನೂ ನೋಯುತ್ತದೆ, ಮಂಗಲಾ. ಹೋಳಿ ಹುಣ್ಣಿಮೆಗೆ ಉದಗೀರಕ್ಕೆ ಬರುತ್ತೇನೆ. ನಿಮ್ಮ ಅತ್ತೆಯ ಪಕ್ಕದಲ್ಲೇ ನನಗೆ ಮಣೆ ಹಾಕು. ಮಜ್ಜಿಗೆ ಅನ್ನದವರೆಗೂ ಕೂತು ಉಣ್ಣುತ್ತೇನೆ. ನನ್ನ ಬೆನ್ನಿನಲ್ಲಿ ಡಾಕ್ಟರಿಗೆ ಏನು ಸಿಕ್ಕಿತು ಎಂಬುದನ್ನು ಅವರಿಗೆ ನೀನೇ ಹೇಳು. ನಾನು ಹೇಳುವುದಿಲ್ಲ.