ಹೇಜಲಜ್ಜಿಯ ಜಗಲಿಯ ಬೆರ್ಚಪ್ಪ

ಬ್ರೂಕ್ಸ್‌ಫೋರ್ಡ್, ಓಹಾಯೋ
9 ನವೆಂಬರ್ 1974

ಪ್ರೀತಿಯ ತಂಗಿ ಲೊರೆಟಾಗೆ,

ಡೆಲ್ಬರ್ಟ್ ಅಣ್ಣನ ಆಶೀರ್ವಾದ, ಜೊತೆಗೊಂದು ಕ್ಷಮಾಪಣೆ. ಆಸ್ಪತ್ರೆಯಲ್ಲಿ ನಿನ್ನ ಹೊಲಿಗೆ ಬಿಚ್ಚಿದರೆಂದು ತಿಳಿದು ಸಮಾಧಾನವಾಯಿತು. ಪತ್ರ ತಡವಾಯಿತೆಂದು ಬೈಯಬೇಡ. ಮೂರು ಸಲ ಬರೆದು ಮೂರು ಸಲವೂ ಒಲೆಗೆ ಹಾಕಿದೆ. ಅಕ್ಷರದ ತೊಂದರೆಯಲ್ಲ, ಓದಿದ್ದು ಹಳ್ಳಿ ಶಾಲೆಯ ಆರನೇ ತರಗತಿಯಾದರೂ ನನ್ನ ಅಕ್ಷರ ನಮ್ಮ ಪಾದ್ರಿಯದಕ್ಕಿಂತ ದುಂಡಗಿದೆ.

ಮೊದಲೇ ಹೇಳಿಬಿಡುತ್ತೇನೆ, ನಿನ್ನ ಮಗಳು ಪಾಲಿ ಇಲ್ಲಿ ಚೆನ್ನಾಗಿದ್ದಾಳೆ. ಮೊಣಕಾಲು ತರಚಿದೆ, ಅಷ್ಟೆ.

ಹ್ಯಾಲೋವೀನ್ ಸಂಜೆ ಮಿಠಾಯಿ ಬೇಡಲು ಹೊರಟವಳಿಗೆ ಕಾಗೆಯ ವೇಷ ಹಾಕಿದ್ದೆ. ಹಳೆಯ ಕೊಡೆಯ ಬಟ್ಟೆ ಕತ್ತರಿಸಿ ರೆಕ್ಕೆ ಹೊಲಿದವನು ನಾನೇ. ಊರಲ್ಲಿ ಅಂಥ ಕಾಗೆ ಇನ್ನೊಂದಿರಲಿಲ್ಲ. ನೀನು ಕಳಿಸಿದ್ದ, ಗಾಡಿಯ ದೀಪ ಬಿದ್ದರೆ ಹೊಳೆಯುವ ಬಿಳಿ ಪಟ್ಟಿಯನ್ನು ಮಾತ್ರ ಅಂಟಿಸಲಿಲ್ಲ.

"ಮಾವ, ಬೆನ್ನಿಗೆ ಅಂಟಿಸು ಅಂತ ಅಮ್ಮ ಹೇಳಿದ್ಳಲ್ಲ" ಎಂದು ಪಾಲಿ ಎರಡು ಸಲ ನೆನಪಿಸಿದಳು.

"ಬಿಳಿ ಪಟ್ಟೆ ಇರೋ ಕಾಗೇನ ಎಲ್ಲಾದ್ರೂ ನೋಡಿದೀಯೇನೇ? ಪಕ್ಕದಲ್ಲಿ ನಾನಿರ್ತೀನಲ್ಲ" ಎಂದೆ.

ಜಗಲಿಯ ದೀಪ ಉರಿಯುವ ಮನೆಗೆ ಮಾತ್ರ ಹೋಗಬೇಕು, ಮಿಠಾಯಿಯನ್ನು ದೊಡ್ಡವರು ನೋಡಿದ ಮೇಲೆಯೇ ತಿನ್ನಬೇಕು ಎಂದು ನೀನು ಹೇಳಿಕೊಟ್ಟದ್ದನ್ನೆಲ್ಲ ಒಪ್ಪಿಸುತ್ತ ನಡೆದಳು.

ಹೇಜಲಜ್ಜಿಯ ಜಗಲಿಯಲ್ಲಿ ದೀಪವಿತ್ತು. ಕುರ್ಚಿಯಲ್ಲೊಂದು ಬೆರ್ಚಪ್ಪ, ಅದರ ತೊಡೆಯ ಮೇಲೆ ಮಿಠಾಯಿ ಬೋಗುಣಿ. ಪ್ರತಿ ವರ್ಷ ಯಾರಾದರೊಬ್ಬರು ಅಂಗಿಯೊಳಗೆ ಹುಲ್ಲು ತುರುಕಿಕೊಂಡು ಹಾಗೆ ಕೂರುವುದು ನಿನಗೆ ಗೊತ್ತೇ ಇದೆ. ಪಾಲಿ ಬೋಗುಣಿಗೆ ಕೈ ಹಾಕಿದ್ದೇ ತಡ, ಬೆರ್ಚಪ್ಪ ಅವಳ ಮಣಿಕಟ್ಟು ಹಿಡಿಯಿತು. ಮಗು ಕೊಸರಿಕೊಂಡು ನೇರ ರಸ್ತೆಗೆ ಓಡಿದಳು. ಎದುರಿಗೆ ಹಾಲಿನ ಲಾರಿ.

ಆ ಬ್ರೇಕಿನ ಸದ್ದು ಈಗಲೂ ಕಿವಿಯಲ್ಲಿದೆ. ಬಿದ್ದಿದ್ದ ಮಗುವಿಗೂ ಚಕ್ರಕ್ಕೂ ನಡುವೆ ಒಂದು ಗೇಣು. ಓಡಿಹೋಗಿ ಎತ್ತಿಕೊಂಡೆ. ಐವತ್ತೆರಡರ ವಯಸ್ಸಿನಲ್ಲಿ ಹಾಗೆ ಓಡುವವರು ಈ ಊರಲ್ಲಿಲ್ಲ.

ಲಾರಿ ಓಡಿಸುತ್ತಿದ್ದ ಕ್ಲೀಟಸ್ ಇಳಿದು ಬಂದ. "ಏನೂ ಕಾಣ್ಲಿಲ್ಲ ಕಣೋ ಡೆಲ್. ಕಪ್ಪೋ ಕಪ್ಪು. ಮಗು ಕಿರುಚ್ತಿತ್ತಲ್ಲ, ಅದರ ಹಲ್ಲು ಕಂಡ್ವು. ಅಷ್ಟೇ ಕಂಡಿದ್ದು."

ಅಂದಿನಿಂದ ಅವಳ ಕೋಟು, ಟೋಪಿ, ಶಾಲೆಯ ಚೀಲ ಎಲ್ಲಕ್ಕೂ ಆ ಪಟ್ಟಿ ಅಂಟಿಸಿದ್ದೇನೆ. ಲಾರಿಯ ಸದ್ದು ಕೇಳಿದರೆ ಕೊಟ್ಟಿಗೆಯಿಂದ ಓಡಿಬಂದು ತಲೆ ಎಣಿಸುತ್ತೇನೆ, ಇರುವುದು ಒಂದೇ ತಲೆಯಾದರೂ.

ಬೇಗ ಗುಣವಾಗಿ ಬಾ. ದೇವರು ನಿಮ್ಮಿಬ್ಬರನ್ನೂ ಕಾಯಲಿ.

ನಿನ್ನ ಅಣ್ಣ,
ಡೆಲ್ಬರ್ಟ್

ತಾ.ಕ.: ಆ ಬೆರ್ಚಪ್ಪ ನಾನೇ, ಲೊರೆಟಾ. "ಅಜ್ಜಿ ಮನೆಗೆ ಒಬ್ಳೇ ಹೋಗು, ಗೇಟಲ್ಲಿ ನಿಂತಿರ್ತೀನಿ" ಎಂದು ಅವಳ ಕೈಬಿಟ್ಟು, ಹಿತ್ತಲಿನಿಂದ ಹೋಗಿ ಮುಖಕ್ಕೆ ಗೋಣಿ ಹಾಕಿಕೊಂಡು ಕೂತಿದ್ದೆ. ಆ ಗೋಣಿಯನ್ನು ಕಿತ್ತೆಸೆದೇ ಅವಳ ಹಿಂದೆ ಓಡಿದ್ದು. ರಸ್ತೆಯುದ್ದಕ್ಕೂ ಅವಳು ಕಿರುಚುತ್ತಿದ್ದದ್ದು "ಮಾವಾ, ಬಾ ಮಾವಾ" ಎಂದು. ಅವಳಿಗಿನ್ನೂ ಗೊತ್ತಿಲ್ಲ. "ಅದು ಮತ್ತೆ ಬಂದ್ರೆ ಹೊಡೀತೀಯಲ್ಲ ಮಾವ?" ಎಂದು ದಿನವೂ ಕೇಳುತ್ತಾಳೆ. ಹೊಡೀತೀನಿ ಎನ್ನುತ್ತೇನೆ.